ಹೋಗುವವರ ಗಡಿಯಾರ

ಹೆದರಿಕೆಯ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕವಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಬೆಳಗಿನಿಂದ ಸಂಜೆಯವರೆಗೆ ಹೆದರಿದ ಮನುಷ್ಯರ ಪಕ್ಕದಲ್ಲಿ ಕೂತಿರುವುದೇ ನನ್ನ ಉದ್ಯೋಗ. ಕೆಲವರು ಹೆದರಿದರೆ ಬ್ರೇಕ್ ಒತ್ತುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಹಿಂದಿನ ಗಾಡಿಯವನು ನಾಲ್ಕು ಮಾತು ಬೈದು ಮುಂದೆ ಹೋಗುತ್ತಾನೆ. ಇನ್ನು ಕೆಲವರು ಹೆದರಿದರೆ ಆಕ್ಸಿಲರೇಟರ್ ಒತ್ತುತ್ತಾರೆ. ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಈ ಎರಡನೆಯವರ ಪೈಕಿ. ಅವರಿಗೆ ಕಾರು ಕಲಿಸಲು ನಾನು ಇವತ್ತಿನವರೆಗೂ ಒಪ್ಪಿಲ್ಲ. ಭಾವ ಎಂಬ ಗೌರವ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನನಗೂ ಹೆಂಡತಿ ಮಕ್ಕಳಿದ್ದಾರೆ.

ಭಾವ ಲಿಫ್ಟಿಗೆ ಹೆದರುತ್ತಾರೆ. ಕಾಲಿಂಗ್ ಬೆಲ್ಲಿಗೆ ಹೆದರುತ್ತಾರೆ. ನಾಯಿಗೆ ಎಲ್ಲರೂ ಹೆದರುತ್ತಾರೆ, ಭಾವ ನಾಯಿ ಸಾಕಿದವರಿಗೂ ಹೆದರುತ್ತಾರೆ. ಇಂಥವರಿಗೆ ದೇವರು ಕೊಟ್ಟ ಕೆಲಸವಾದರೂ ಎಂಥದ್ದು ನೋಡಿ: ನಲ್ಲಿ ತಯಾರಿಸುವ ಕಾರ್ಖಾನೆಯ ಕಂಪ್ಲೇಂಟ್ ಸೆಕ್ಷನ್. ನಲ್ಲಿ ಸೋರುತ್ತದೆ ಎಂದು, ನಲ್ಲಿ ತಿರುಗುವುದಿಲ್ಲ ಎಂದು, ನಲ್ಲಿ ಕೈಗೇ ಕಿತ್ತುಬಂತು ಎಂದು ಜನ ದಿನವಿಡೀ ಫೋನು ಮಾಡಿ ಬೈಯುತ್ತಾರೆ. ಭಾವ ದಿನವಿಡೀ "ಸಾರಿ" ಹೇಳುತ್ತಾರೆ. ಆ "ಸಾರಿ"ಯಲ್ಲಿ ಎಂಥ ನಡುಕವಿರುತ್ತದೆ ಎಂದರೆ, ಬೈಯುತ್ತಿದ್ದವರಿಗೇ ಅಯ್ಯೋ ಪಾಪ ಎನ್ನಿಸಿ, "ಹೋಗ್ಲಿ ಬಿಡಿ, ನೀವು ಊಟ ಮಾಡಿದ್ರಾ?" ಎಂದು ಕೇಳಿ ಫೋನ್ ಇಟ್ಟುಬಿಡುತ್ತಾರೆ. ಕಾರ್ಖಾನೆ ನಡೆಯುತ್ತಿರುವುದೇ ಈ ನಡುಕದ ಮೇಲೆ ಎಂದು ನನ್ನ ಅಭಿಪ್ರಾಯ. ಮ್ಯಾನೇಜರರ ಅಭಿಪ್ರಾಯ ಬೇರೆ ಇತ್ತು.

ಮ್ಯಾನೇಜರು ಒಂದು ದಿನ ಎಲ್ಲರನ್ನೂ ಕರೆದು ಎರಡು ವಿಷಯ ಹೇಳಿದರು. ಒಂದು, ಕಂಪ್ಲೇಂಟ್ ಸೆಕ್ಷನ್ ಮುಚ್ಚುತ್ತೇವೆ, ಇನ್ನು ಮೇಲೆ ಫೋನಿಗೆ ಯಂತ್ರವೇ ಉತ್ತರ ಕೊಡುತ್ತದೆ. ಎರಡು, ಹೊರದೇಶದ ದೊಡ್ಡ ಗಿರಾಕಿಯೊಬ್ಬರು ಸಿಕ್ಕಿದ್ದಾರೆ, ಅವರ ಜೊತೆ ಫೋನಿನಲ್ಲಿ ಮಾತಾಡಲು ಒಬ್ಬರು ಬೇಕು. ಮೊದಲನೆಯ ಮಾತಿಗೇ ಭಾವನ ಗಂಟಲು ಒಣಗಿಹೋಯಿತು. ನೀರು ಕುಡಿದು ಬರಲೇ ಎಂದು ಕೇಳಲು ಕೈ ಎತ್ತಿದರು. ಅಷ್ಟರಲ್ಲಿ ಮ್ಯಾನೇಜರು ಎರಡನೆಯ ಮಾತು ಮುಗಿಸಿದ್ದರು.

"ಭಲೇ! ಒಬ್ಬರಾದರೂ ಮುಂದೆ ಬಂದ್ರಲ್ಲ!" ಎಂದರು ಮ್ಯಾನೇಜರು. "ಅವರು ಈಗಾಗಲೇ ಕೆಂಡದಂಥ ಕೋಪದಲ್ಲಿದ್ದಾರೆ. ಬುಧವಾರ ಸಂಜೆ ಐದಕ್ಕೆ ಸರಿಯಾಗಿ ಮೊದಲನೇ ಕಾಲ್. ಐದು ಅಂದ್ರೆ ಐದು. ಅವರಿಗೆ ಆಗ ಬೆಳಿಗ್ಗೆ ಒಂಬತ್ತು. ಆ ಕಾಲ್ ಸರಿಹೋದ್ರೆ ಈ ಕುರ್ಚಿ ನಿಮ್ದು. ಸರಿಹೋಗಲಿಲ್ಲ ಅಂದ್ರೆ ಕಂಪ್ಲೇಂಟ್ ಸೆಕ್ಷನ್ ಜೊತೆಗೆ ನೀವೂ..." ಎಂದು ಗಾಳಿಯಲ್ಲೇ ಒಂದು ನಲ್ಲಿಯನ್ನು ಹಿಡಿದು ಪೂರ್ತಿ ತಿರುಗಿಸಿ ಬಂದ್ ಮಾಡಿದರು.

ಆ ಸಂಜೆ ಭಾವ ಮನೆಗೆ ಬಂದವರೇ ಸೋಫಾದ ಮೇಲೆ ಕೂತು, "ನಮಗೆ ಐದಾದ್ರೆ ಅವರಿಗೆ ಒಂಬತ್ತು, ಅವರಿಗೆ ಐದಾದ್ರೆ ನಮಗೆ..." ಎಂದು ಬೆರಳು ಮಡಿಸಲು ಶುರುಮಾಡಿದರು. ಬೆರಳು ಸಾಲದೆ ನನ್ನ ಕೈಯನ್ನೂ ಎಳೆದುಕೊಂಡರು. ಕಾರ್ಖಾನೆಯಲ್ಲಿ ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಬೇಕು. ಒಳಗೆ ಗೋಡೆ ಗಡಿಯಾರ ಇರುವುದು ಮ್ಯಾನೇಜರರ ಕೋಣೆಯಲ್ಲಿ ಮಾತ್ರ, ಕೆಲಸಗಾರರು ಗಡಿಯಾರ ನೋಡಿದರೆ ಕೆಲಸ ಕೆಡುತ್ತದೆ ಎಂದು. ಭಾವನ ಹಳೆಯ ವಾಚು ಮನಸ್ಸು ಬಂದಾಗ ನಡೆಯುವಂಥದ್ದು.

"ಎರಡು ದೇಶದ ಟೈಮು ತೋರಿಸೋ ವಾಚು ಬರುತ್ತಂತೆ. ಒಂದು ತಗೊಂಡ್ಬಿಡಿ, ಈ ಬೆರಳು ಮಡಿಸೋ ಸಂಕಟ ನನಗೆ ನೋಡಕ್ಕಾಗಲ್ಲ" ಎಂದಳು ಅಕ್ಕ. ಅಕ್ಕನ ಬಾಯಿ ಜೋರು, ಮನಸ್ಸು ಗಟ್ಟಿ. ಹೆದರಿಕೆಯ ಖಾತೆಯನ್ನು ಪೂರ್ತಿ ಗಂಡನಿಗೆ ಬಿಟ್ಟುಕೊಟ್ಟು ಉಳಿದ ಸಂಸಾರವನ್ನು ತಾನು ನೋಡಿಕೊಳ್ಳುತ್ತಾಳೆ. ಖರ್ಚಿಗೆ ಒಂದು ಮಿತಿಯನ್ನೂ ಹೇಳಿದಳು. ಅದು ಜಿಪುಣತನವೂ ಅಲ್ಲ, ದುಂದೂ ಅಲ್ಲ. ಸಂಬಳದವರ ಮನೆಯಲ್ಲಿ ಯಾರಾದರೂ ಹೇಳುವಂಥ ಮೊತ್ತ. "ಅದಕ್ಕಿಂತ ಒಂದು ಪೈಸೆ ಮೇಲೆ ಹೋದ್ರೆ ನೋಡಿ" ಎಂದು ಸೇರಿಸಿದಳು. ನನ್ನನ್ನು ಜೊತೆಗೆ ಕಳಿಸಿದಳು.

ಅಂಗಡಿಯವನು ಕೈಗೆ ಬಿಳಿ ಗ್ಲೌಸು ಹಾಕಿಕೊಂಡಿದ್ದ. ಅದನ್ನು ಕಂಡೇ ಭಾವ ಬಾಗಿಲಲ್ಲಿ ನಿಂತುಬಿಟ್ಟರು. "ಇದು ವಾಚಿನ ಅಂಗಡೀನೇ ತಾನೆ? ಆಪರೇಷನ್ ಮಾಡೋ ಹಾಗೆ ನಿಂತಿದಾನೆ" ಎಂದು ನನ್ನ ಕಿವಿಯಲ್ಲಿ ಉಸುರಿದರು. ನಾನು ಬೆನ್ನಿಗೆ ಕೈಕೊಟ್ಟು ಒಳಗೆ ದೂಡಿ ಕುರ್ಚಿಯ ಮೇಲೆ ಕೂರಿಸಿದೆ.

ಅಂಗಡಿಯವನು ಕರಿ ವೆಲ್ವೆಟ್ಟಿನ ತಟ್ಟೆಯ ಮೇಲೆ ಎರಡು ವಾಚು ಇಟ್ಟ. ಎರಡೂ ಆಟಗಾರರು ಕಟ್ಟುವಂಥ ದಪ್ಪ ಸ್ಟೀಲಿನವು. ಸುತ್ತ ತಿರುಗುವ ಬಳೆ, ಬಳೆಯ ಮೇಲೆ ಇಪ್ಪತ್ತನಾಲ್ಕರವರೆಗೆ ಅಂಕೆ, ಮಾಮೂಲಿ ಮುಳ್ಳುಗಳ ಜೊತೆಗೆ ಇನ್ನೊಂದು ಕೆಂಪು ಮುಳ್ಳು.

"ಇನ್ನೂರು ಮೀಟರ್ ನೀರಿನ ಕೆಳಗೆ ಹೋದ್ರೂ ಏನೂ ಆಗಲ್ಲ ಸರ್."

"ನನಗಾ?" ಎಂದರು ಭಾವ, ಮುಖ ಬಿಳಿಚಿಕೊಂಡು.

"ವಾಚಿಗೆ ಸರ್."

"ಎರಡೂ ಒಂದೇ ಥರ ಇದಾವಲ್ಲ, ಏನು ವ್ಯತ್ಯಾಸ?" ಎಂದು ನಾನು ಕೇಳಿದೆ.

"ಅದನ್ನ ಹೇಳೋಕೆ ಮೊದಲು ಒಂದು ವಿಷಯ ಗೊತ್ತಾಗ್ಬೇಕು ಸರ್." ಅಂಗಡಿಯವನು ಭಾವನನ್ನು ಡಾಕ್ಟರ ಹಾಗೆ ನೋಡಿದ. "ನೀವು ಹೋಗುವವರೋ, ಕೂತಿರುವವರೋ?"

ಭಾವ ಥಟ್ಟನೆ ಎದ್ದು ನಿಂತರು. ಅಂಗಡಿಯವನು ನಕ್ಕು ಬಿಡಿಸಿ ಹೇಳಿದ. ಕೂತಲ್ಲೇ ಕೂತು ಬೇರೆ ದೇಶದ ಜೊತೆ ಫೋನಲ್ಲಿ ಮಾತಾಡುವವರದು ಕೂತಿರುವವರ ವಾಚು. ಅದರಲ್ಲಿ ತಿರುಪು ಎಳೆದು ತಿರುಗಿಸಿದರೆ ಕೆಂಪು ಮುಳ್ಳು ಮಾತ್ರ ಸರಿಯುತ್ತದೆ, ನಮ್ಮ ಟೈಮು ನಮಗಿರುತ್ತದೆ. ವಿಮಾನ ಹತ್ತಿ ದೇಶದಿಂದ ದೇಶಕ್ಕೆ ಹೋಗುವವರದು ಇನ್ನೊಂದು. ಅದರಲ್ಲಿ ಕೆಂಪು ಮುಳ್ಳು ಅಲ್ಲಾಡುವುದಿಲ್ಲ. ನಮ್ಮ ಗಂಟೆಯ ಮುಳ್ಳೇ ಟಕ್ ಎಂದು ಒಂದೊಂದು ಗಂಟೆ ಹಾರುತ್ತದೆ, ನಿಮಿಷ ಇದ್ದ ಹಾಗೇ ಇರುತ್ತದೆ. ಇಳಿದ ಊರಿನ ಟೈಮಿಗೆ ಒಂದು ಚಿಟಿಕೆಯಲ್ಲಿ ಬದಲಾಯಿಸಿಕೊಳ್ಳಬಹುದು. ಕೂತಿರುವವರ ವಾಚು ಅಕ್ಕನ ಮಿತಿಯೊಳಗೆ ಆರಾಮವಾಗಿ ಕೂತಿತ್ತು. ಹೋಗುವವರದು ಮಿತಿ ದಾಟಿ ಸ್ವಲ್ಪ ಮುಂದೆ ಹೋಗಿತ್ತು.

ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಹೇಳಿ? ಭಾವನಷ್ಟು ಕೂತಿರುವ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಬಸ್ಸಿನಲ್ಲಿ ಸೇತುವೆ ಬಂದರೆ ಕಣ್ಣು ಮುಚ್ಚುವವರು ಅವರು. "ಕೂತಿರು..." ಎಂದು ಅವರು ಬಾಯಿ ತೆರೆದದ್ದೂ ನಿಜ.

ಅದೇ ಹೊತ್ತಿಗೆ ಹಿಂದಿನಿಂದ ಒಂದು ದನಿ ಬಂತು. "ಓಹೋ, ಏನು ವಾಚಿನ ಅಂಗಡೀಲಿ! ಅಲ್ರೀ, ನಿಮ್ಮ ಸೆಕ್ಷನ್ ಮುಚ್ತಾರಂತೆ? ನಿಮ್ಮ ಕೆಲಸ ಹೋಗುತ್ತಂತೆ, ಹೌದೇ?"

ಮನೆ ಓನರು! ಭಾವ ಅಕ್ಕ ಬಾಡಿಗೆಗೆ ಇರುವ ಮನೆಯ ಮಹಡಿಯ ಮೇಲೆ ಅವರ ವಾಸ. ಕೆಲಸವಿಲ್ಲದವರಿಗೆ ಮನೆ ಕೊಡುವುದಿಲ್ಲ ಎಂಬುದು ಅವರ ಒಂದೇ ಒಂದು ಸಿದ್ಧಾಂತ. ಅಲಾರಂ ಗಡಿಯಾರಕ್ಕೆ ಸೆಲ್ ಹಾಕಿಸಲು ಬಂದು, ಸೆಲ್ ಮರೆತು, ಕಿವಿಯನ್ನು ನಮ್ಮ ಕಡೆ ಮಾಡಿಕೊಂಡು ನಿಂತಿದ್ದರು.

ಭಾವ ಹೆದರಿದರು. ಹೆದರಿ, ನಾನು ಮೊದಲೇ ಹೇಳಿದ ಹಾಗೆ, ಆಕ್ಸಿಲರೇಟರ್ ಒತ್ತಿದರು.

"ಕೂತಿರುವವನಲ್ಲ!" ಎಂದು ಇಡೀ ಅಂಗಡಿಗೆ ಕೇಳಿಸುವ ಹಾಗೆ ಹೇಳಿದರು. "ನಾನು ಹೋಗುವವನು! ಹೋಗುವವರದ್ದೇ ಕೊಡಿ!"

ಓನರು ಬಾಯಿ ಮುಚ್ಚಿದರು. ಆ ಮನುಷ್ಯ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಗಡಿಯವನು ಗಂಟೆಯ ಮುಳ್ಳನ್ನು ನಮ್ಮ ಟೈಮಿಗೂ ಕೆಂಪು ಮುಳ್ಳನ್ನು ಗಿರಾಕಿಯ ದೇಶದ ಟೈಮಿಗೂ ಇಟ್ಟು, ವಾಚನ್ನು ಭಾವನ ಕೈಗೆ ಕಟ್ಟಿ, ಕೊನೆಯದಾಗಿ ಒಂದು ಎಚ್ಚರಿಕೆ ಹೇಳಿದ: "ಪಕ್ಕದಲ್ಲಿರೋ ಈ ತಿರುಪು ಯಾವಾಗ್ಲೂ ಬಿಗಿಯಾಗಿರ್ಲಿ ಸರ್. ಸಡಿಲ ಆದ್ರೆ ಒಳಗೆ ನೀರು ಹೋಗುತ್ತೆ."

ಹೆದರುವವರಿಗೆ ಎಚ್ಚರಿಕೆ ಹೇಳಬಾರದು. ಅಂಗಡಿಯಿಂದ ಹೊರಗೆ ಬಂದ ಕ್ಷಣದಿಂದಲೇ ಭಾವ ತಿರುಪು ಬಿಗಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸತೊಡಗಿದರು. ಬಿಗಿಯಾಗಿದೆ ಎಂದು ತಿಳಿಯಬೇಕಾದರೆ ಒಮ್ಮೆ ಸಡಿಲ ಮಾಡಿ ಮತ್ತೆ ಬಿಗಿ ಮಾಡಬೇಕು ಎಂಬುದು ಅವರ ವಿಧಾನ. ರಸ್ತೆ ದಾಟುವಾಗ ಒಮ್ಮೆ, ದಾಟಿದ ಮೇಲೆ ಒಮ್ಮೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ.

ಮಿತಿ ದಾಟಿದ್ದಕ್ಕೆ ಮನೆಯಲ್ಲಿ ಆದ ಮಂಗಳಾರತಿಯನ್ನು ನಾನು ವಿವರಿಸುವುದಿಲ್ಲ. ಮರುದಿನ ಬೆಳಿಗ್ಗೆ ಅದಕ್ಕಿಂತ ದೊಡ್ಡದು ಕಾದಿತ್ತು. ಭಾವ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು, ಒಂದು ಕೈಯಲ್ಲಿ ವಾಚನ್ನು ತಲೆಯ ಮೇಲೆತ್ತಿ ಹಿಡಿದು, ಬಚ್ಚಲಿನಿಂದ ಹೊರಗೆ ಬಂದರೆ, ಹಾಲಿನಲ್ಲಿ ಗುರುತು ಪರಿಚಯವಿಲ್ಲದ ಗಂಡ ಹೆಂಡತಿ ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದರು.

"ಪರದೆಗೆ" ಎಂದಳು ಆ ಹೆಂಗಸು, ಭಾವನ ಕಡೆ ನೋಡದೆ.

ಹಿಂದೆಯೇ ಓನರು. "ತಪ್ಪು ತಿಳ್ಕೋಬೇಡಿ. ನೀವು ಹೇಗೂ ಹೋಗುವವರು. ಮನೆ ಒಂದು ದಿನವೂ ಖಾಲಿ ಇರಬಾರದು ನೋಡಿ. ನಿಮಗೂ ಒಳ್ಳೇದಾಗ್ಲಿ, ದೊಡ್ಡ ದೇಶ!"

"ನಾನೆಲ್ಲಿಗೂ ಹೋಗಲ್ಲ ಸ್ವಾಮಿ!"

"ನೋಡಿ, ಇದೇ ಇವರಲ್ಲಿ ನನಗೆ ಹಿಡಿಸೋದು," ಎಂದು ಓನರು ಆ ದಂಪತಿಗೆ ಹೇಳಿದರು. "ಒಂದು ಚೂರು ಜಂಬ ಇಲ್ಲ."

ಅಲ್ಲಿಂದ ಸುದ್ದಿ ಬೀದಿಗೆ ಇಳಿಯಿತು. ಭಾವ "ಇಲ್ಲ" ಎಂದಷ್ಟೂ ಜನ ನಂಬಿದರು. ಎದುರುಮನೆ ಟೈಲರು ಗೇಟಿನಲ್ಲೇ ತಡೆದು ಕೋಟಿಗೆ ಅಳತೆ ತೆಗೆದುಕೊಂಡ. ಬೇಡವೆಂದು ಭಾವ ಕೈ ಬೀಸಿದರೆ, "ಹಾಗೇ ಕೈ ಚಾಚಿರಿ, ತೋಳಿನ ಅಳತೆ ಚೆನ್ನಾಗಿ ಸಿಗುತ್ತೆ" ಎಂದ. ಮೂಲೆಮನೆ ನಿವೃತ್ತ ಹೆಡ್‌ಮಾಸ್ತರು ವಿಮಾನ ಬೀಳುವುದು ಎಷ್ಟು ಅಪರೂಪ ಎಂದು ಧೈರ್ಯ ಹೇಳಲು ಬಂದು, ಬಿದ್ದ ವಿಮಾನಗಳ ಕಥೆಯನ್ನೆಲ್ಲ ಒಂದೊಂದಾಗಿ ಹೇಳಿ ಎದ್ದುಹೋದರು. ಭಾವನಿಗೆ ವಿಮಾನ ಹತ್ತುವ ಪ್ರಸಂಗವೇ ಇರಲಿಲ್ಲ, ಆದರೂ ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಭಾನುವಾರ ದೊಡ್ಡಮ್ಮ ಬಂದರು, ಭಾವನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು. ಬಾಗಿಲಲ್ಲೇ ಅಳು.

"ಹೇಳದೇ ಕೇಳದೇ ಹೋಗೋ ಮಟ್ಟಕ್ಕೆ ಬಂದ್ಯೇನೋ! ನಿನ್ನ ಮೂಗು ಒರೆಸಿದ ಕೈ ಕಣೋ ಇದು!"

"ದೊಡ್ಡಮ್ಮಾ, ಬರೀ ಒಂದು ವಾಚು ತಗೊಂಡೆ..."

"ವಾಚು ತಗೊಳ್ಳೋಕೆ ಗೊತ್ತಾಯ್ತು, ಸ್ವೆಟರ್ ತಗೊಳ್ಳೋಕೆ ಗೊತ್ತಾಯ್ತಾ? ಅಲ್ಲಿ ಬಾಯಿಂದ ಬಂದ ಮಾತೇ ಮಂಜುಗಡ್ಡೆ ಆಗುತ್ತಂತೆ!" ಚೀಲದಿಂದ ಹೊರಬಂದ ಸ್ವೆಟರು ಇಟ್ಟಿಗೆ ಬಣ್ಣದ್ದು, ಇಟ್ಟಿಗೆಯಷ್ಟೇ ಭಾರ. ಅಲ್ಲೇ ತೊಡಿಸಿ ನೋಡಿದರು. ಭಾವ ಆ ಸೆಕೆಯಲ್ಲಿ ಅದರೊಳಗೆ ಕೂತು ಬೆವರುತ್ತಾ, ತೋಳಿನೊಳಗೆ ಕೈ ತೂರಿಸಿ ತಿರುಪು ಬಿಗಿ ಮಾಡುತ್ತಿದ್ದರು. ಬೆವರೂ ನೀರೇ ತಾನೆ?

ನನ್ನನ್ನು ಅಕ್ಕ ಅಡುಗೆಮನೆಗೆ ಕರೆದಳು. "ನಿಜ ಹೇಳು. ನಿನಗೆ ಗೊತ್ತಿರುತ್ತೆ. ಹೋಗ್ತಾರಾ?"

"ಅಕ್ಕಾ, ಅವರು ಮೊದಲನೇ ಮಹಡಿಗೇ ಎರಡು ಸಲ ಯೋಚನೆ ಮಾಡಿ ಹೋಗೋರು."

"ಮತ್ತೆ ಹೋಗುವವರ ವಾಚು ಯಾಕೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ನನ್ನ ಅಕ್ಕನಿಗೆ ಅವಳ ಗಂಡ ಹೆದರುಪುಕ್ಕಲ ಎಂದು ನಾನು ಹೇಗೆ ಹೇಳಲಿ? ಗೊತ್ತಿರುವುದೇ ಆದರೂ ಕೆಲವನ್ನು ಬಾಯಿಬಿಟ್ಟು ಹೇಳಬಾರದು. "ಹೋದ್ರೆ ಹೋಗ್ಲಿ ಬಿಡು, ನನಗೇನು" ಎಂದಳು ಅಕ್ಕ, ಆಗಷ್ಟೇ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ.

ಸೋಮವಾರಕ್ಕೆ ಸುದ್ದಿ ಕಾರ್ಖಾನೆ ತಲುಪಿತು. ಭಾವನ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಸ್ಟೋರ್‌ಕೀಪರು ತನ್ನ ಟವೆಲ್ಲನ್ನು ಹಾಸಿಟ್ಟು ಹೋಗಿದ್ದ. ಮ್ಯಾನೇಜರು ಕರೆಸಿದರು. ನಿಲ್ಲಿಸಿಯೇ ಮಾತಾಡಿಸಿದರು.

"ನಮ್ಮ ಫೋನಲ್ಲಿ ಮಾತಾಡಿ, ನಮ್ಮ ಗಿರಾಕಿ ಹತ್ರಾನೇ ಕೆಲಸ ಗಿಟ್ಟಿಸೋ ಪ್ಲಾನು ಹಾಕಿದೀರಂತೆ."

"ಅಯ್ಯೋ, ಇಲ್ಲ ಸಾರ್!"

"ಕೈಯಲ್ಲಿ ಏನದು?"

ಭಾವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಪಕ್ಕಾ ಕಳ್ಳರು ಹಾಗೇ ಮಾಡುವುದು.

"ಬುಧವಾರ ನಾನೂ ಪಕ್ಕದಲ್ಲೇ ಕೂತಿರ್ತೀನಿ," ಎಂದರು ಮ್ಯಾನೇಜರು. "ಅವರ ಹೊಸ ಹಾಸ್ಟೆಲ್ ಕಟ್ಟಡಕ್ಕೆಲ್ಲ ನಮ್ಮ ನಲ್ಲಿ ಹಾಕಿದಾರೆ. ಬಿಸಿನೀರಿನ ಕೆಂಪು ಗುರುತು ಇರೋ ಕಡೆ ತಣ್ಣೀರು, ನೀಲಿ ಗುರುತು ಇರೋ ಕಡೆ ಬಿಸಿನೀರು ಬರ್ತಿದೆಯಂತೆ. ಕೆಲವರ ಕೈ ಚುರುಗುಟ್ಟಿದೆ. ತಪ್ಪು ನಮ್ದು ಅಂತ ಯಾವ ಕಾರಣಕ್ಕೂ ಬಾಯಲ್ಲಿ ಬರಕೂಡದು. ಪೈಪು ನೀವೇ ಉಲ್ಟಾ ಜೋಡಿಸಿದೀರಿ ಅನ್ನಿ. 'ಸಾರಿ' ಅನ್ನೋ ಒಂದು ಮಾತು ಬಂತೋ..." ಮತ್ತೆ ಗಾಳಿಯಲ್ಲಿ ಆ ನಲ್ಲಿ ಬಂದ್ ಆಯಿತು.

'ಸಾರಿ' ಹೇಳಬೇಡ ಎಂದು ಭಾವನಿಗೆ ಹೇಳುವುದೂ ಒಂದೇ, ಉಸಿರಾಡಬೇಡ ಎನ್ನುವುದೂ ಒಂದೇ. "ಸಾರಿ ಸಾರ್, ಹೇಳಲ್ಲ" ಎಂದು ಹೇಳಿ ಹೊರಗೆ ಬಂದರು.

ಬುಧವಾರ ಏನಾಯಿತು ಎಂಬುದನ್ನು ಭಾವನೇ ನನಗೆ ಹೇಳಿದ್ದು. ಹೇಳುವಾಗಲೂ ಎರಡು ಸಲ ತಿರುಪು ಬಿಗಿ ಮಾಡಿದರು, ಆದ್ದರಿಂದ ಸುಳ್ಳಿರಲಾರದು.

ಊಟವಾದ ಮೇಲೆ ಭಾವ ಬಾತ್‌ರೂಮಿಗೆ ಹೋಗುವುದು ಬರುವುದು ಶುರುವಾಯಿತು. ಹೋದಾಗಲೆಲ್ಲ ಕೈ ತೊಳೆಯಬೇಕು. ಕೈ ತೊಳೆದಾಗಲೆಲ್ಲ ತಿರುಪು ಪರೀಕ್ಷಿಸಬೇಕು. ಕೊನೆಯ ಸಲ ಒದ್ದೆ ಬೆರಳಿನಲ್ಲಿ ತಿರುಪು ಸಡಿಲ ಮಾಡಿದಾಗ ಅದು ಪುಟಕ್ಕನೆ ಹೊರಕ್ಕೆ ಜಿಗಿಯಿತು. ಒಳಗೆ ನೀರು ಹೋಯಿತು, ಕೆಲಸ ಹೋಯಿತು, ಮನೆ ಹೋಯಿತು ಎಂದು ಭಾವ ಅದನ್ನು ತಿರುಗಿಸಿ, ಒತ್ತಿ, ಬಿಗಿದು, ಸ್ವೆಟರಿನ ಅಂಚಿನಲ್ಲಿ ಒರೆಸಿದರು. (ಸ್ವೆಟರು ಯಾಕೆಂದರೆ, ದೊಡ್ಡಮ್ಮ ಕಾರ್ಖಾನೆಯ ಗೇಟಿಗೇ ಫೋನು ಮಾಡಿ ಹಾಕಿಕೊಂಡಿದ್ದಾನೆಯೇ ಎಂದು ವಿಚಾರಿಸಿದ್ದರು.) ಆ ಗಡಿಬಿಡಿಯಲ್ಲಿ ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಅದು ತಮ್ಮ ಬೆರಳಿನ ನೆಟಿಕೆ ಎಂದುಕೊಂಡರು ಭಾವ.

ವಾಚು ನೋಡಿದರೆ ಐದಕ್ಕೆ ಐದೇ ನಿಮಿಷ!

ಎದ್ದೆನೋ ಬಿದ್ದೆನೋ ಎಂದು ಮೀಟಿಂಗ್ ಕೋಣೆಗೆ ಓಡಿದರು. ಮ್ಯಾನೇಜರು ಇಲ್ಲ. ಯಾರೂ ಇಲ್ಲ. ಮೇಜಿನ ಮೇಲೆ ಫೋನೊಂದೇ. ಮ್ಯಾನೇಜರು ಬಾಗಿಲ ಹಿಂದೆ ನಿಂತು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಭಾವನಿಗೆ ಖಾತ್ರಿಯಾಯಿತು. ಬಾಗಿಲ ಹಿಂದೆ ನೋಡಿದರು. ಮೇಜಿನ ಕೆಳಗೂ ನೋಡಿದರು. ಮುಳ್ಳು ಐದಕ್ಕೆ ಬಂತು. ಐದು ಅಂದ್ರೆ ಐದು! ಭಾವ ಕಣ್ಣು ಮುಚ್ಚಿಕೊಂಡು, ಸೇತುವೆ ದಾಟುವವರ ಹಾಗೆ, ನಂಬರ್ ಒತ್ತಿದರು.

ಆ ಕಡೆ ಫೋನು ಎತ್ತಿದವನ "ಹಲೋ" ಕೇಳಿಯೇ ಭಾವ ಕಣ್ಣು ಬಿಟ್ಟರು. ಅಂಥ ನಡುಕದ ಹಲೋವನ್ನು ಅವರು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಇಂಗ್ಲಿಷಿನಲ್ಲೇ ಮಾತಾಯಿತು. ಆದರೆ ಅದು ಇಬ್ಬರ ಮನೆಯ ಭಾಷೆಯೂ ಅಲ್ಲ. ಅವನ ಇಂಗ್ಲಿಷು ಭಾವನ ಇಂಗ್ಲಿಷಿಗಿಂತ ಕೂದಲೆಳೆಯಷ್ಟು ಕೆಟ್ಟದಾಗಿತ್ತಂತೆ. ಭಾವನಿಗೆ ಅರ್ಧ ಜೀವ ಬಂತು.

"ಇಷ್ಟು ಬೇಗ ಯಾಕೆ ಫೋನ್ ಮಾಡಿದಿರಿ?" ಎಂದ ಅವನು ಪಿಸುದನಿಯಲ್ಲಿ. "ಒಂಬತ್ತಕ್ಕಲ್ಲವೇ? ಇಲ್ಲಿ ಈಗ ಎಂಟು. ನಮ್ಮ ಸಾಹೇಬರು ಇನ್ನೂ ಬಂದಿಲ್ಲ."

ಭಾವ ವಾಚು ನೋಡಿದರು. ಅಷ್ಟು ದುಡ್ಡು ಸುರಿದು ತಂದ ಕೆಂಪು ಮುಳ್ಳನ್ನು ಅವರು ಆ ದಿನ ನೋಡಿದ್ದು ಆಗಲೇ. ಅದು ಪಾಪ, ಎಂಟರ ಮೇಲೆಯೇ ನಿಂತಿತ್ತು. ಬಾತ್‌ರೂಮಿನಲ್ಲಿ ಟಕ್ ಎಂದು ಹಾರಿದ್ದು ಗಂಟೆಯ ಮುಳ್ಳು. ಒಂದು ಗಂಟೆ ಮುಂಚೆ, ಮ್ಯಾನೇಜರಿಲ್ಲದೆ, ಅಪ್ಪಣೆಯಿಲ್ಲದೆ, ಒಬ್ಬರೇ ಗಿರಾಕಿಗೆ ಫೋನು ಮಾಡಿ ಕೂತಿದ್ದಾರೆ! ಇಟ್ಟರೂ ತಪ್ಪು, ಇಡದಿದ್ದರೂ ತಪ್ಪು. ಬಾಯಿಂದ ಬೇರೇನೂ ಬರದೆ, ಬರಬಾರದ್ದೇ ಬಂತು.

"ಸಾರಿ," ಎಂದರು ಭಾವ. ಪೂರ್ತಿ ನಡುಕದ ಸಮೇತ. ಆಮೇಲೆ ಸುಮ್ಮನಿರಲಾರದೆ, "ನೀವು ಯಾಕೆ ಇಷ್ಟು ಬೇಗ ಬಂದು ಕೂತಿದೀರಿ?" ಎಂದು ಕೇಳಿದರು.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ ಅವನು, "ಹೆದರಿಕೆ" ಎಂದ. "ಆ ನಲ್ಲಿ ತರಿಸಿದ್ದು ನಾನೇ. ಇವತ್ತು ಇದು ಸರಿಹೋಗಲಿಲ್ಲ ಅಂದರೆ ನನ್ನ ಕೆಲಸ ಹೋಗುತ್ತೆ."

"ನಂದೂ," ಎಂದರು ಭಾವ.

ಎರಡು ದೇಶಗಳ ನಡುವೆ ಇಂಥ ಪ್ರಾಮಾಣಿಕ ಮಾತುಕತೆ ಹಿಂದೆಂದಾದರೂ ನಡೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಭಾವ ಎಲ್ಲವನ್ನೂ ಕಕ್ಕಿದರು. ತಪ್ಪು ನಮ್ಮದೇ, ಗುರುತಿನ ಬಿಲ್ಲೆಗಳನ್ನು ಇಲ್ಲಿಯೇ ಅದಲುಬದಲು ಕೂರಿಸಿದ್ದಾರೆ, ಇದೇ ಕಂಪ್ಲೇಂಟು ತಾನು ನೂರು ಸಲ ಕೇಳಿದ್ದೇನೆ, ಗಾಬರಿ ಬೇಡ, ಉಗುರು ಹಾಕಿ ಎಬ್ಬಿಸಿದರೆ ಬಿಲ್ಲೆ ಬರುತ್ತದೆ, ಕೆಂಪನ್ನು ನೀಲಿಯ ಜಾಗಕ್ಕೆ ಒತ್ತಿದರೆ ಮುಗಿಯಿತು. ಅವನು ಫೋನು ಕೆಳಗಿಟ್ಟು ಓಡಿಹೋದ. ಭಾವ ಉಸಿರು ಬಿಗಿಹಿಡಿದು ಕಾದರು. ದೂರದಲ್ಲಿ ನೀರು ಬಿಟ್ಟ ಸದ್ದು, ಆಮೇಲೆ ಒಂದು ಕೂಗು. ಕೈ ಸುಟ್ಟಿತೋ ಏನೋ ಎಂದು ಭಾವ ಕುರ್ಚಿಯಿಂದ ಎದ್ದೇಬಿಟ್ಟರು. ಅದು ಸಂತೋಷದ ಕೂಗು.

ನಿಜವಾದ ಐದಕ್ಕೆ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತಾ ಬಂದಾಗ ಭಾವ ಬೆವರಿನಲ್ಲಿ ತೊಯ್ದು ಕೂತಿದ್ದರು. ಕಾಲ್ ಹೋಯಿತು. ಆ ಕಡೆಯ ಸಾಹೇಬರ ದನಿ ಗುಡುಗಿತು: "ನಿಮ್ಮ ಕಡೆಯವರು ನೇರವಾಗಿ ತಪ್ಪು ಒಪ್ಪಿಕೊಂಡರಂತೆ!"

ಮ್ಯಾನೇಜರು ಭಾವನ ಕಡೆ ತಿರುಗಿದರು. ಆ ನೋಟವನ್ನು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ ಎನ್ನುತ್ತಾರೆ ಭಾವ. ಮ್ಯಾನೇಜರರ ಕೈ ಮೇಲೆದ್ದು ಗಾಳಿಯ ನಲ್ಲಿಯನ್ನು ಹಿಡಿದೇಬಿಟ್ಟಿತ್ತು.

"ಇಷ್ಟು ವರ್ಷದಲ್ಲಿ ಮಾಲು ಕಳಿಸಿದವರು ಯಾರೂ ನನ್ನ ಹತ್ತಿರ ತಪ್ಪು ಒಪ್ಪಿಕೊಂಡಿರಲಿಲ್ಲ," ಎಂದಿತು ಆ ದನಿ. "ನಿಮ್ಮ ಮೇಲೆ ನಂಬಿಕೆ ಬಂತು. ಇನ್ನೂ ಎರಡು ಕಟ್ಟಡಕ್ಕೆ ನಿಮ್ಮ ನಲ್ಲಿಯೇ ಕಳಿಸಿ."

ಗಾಳಿಯಲ್ಲಿದ್ದ ಕೈ ಅಲ್ಲೇ ನಿಂತಿತು. ಮೆಲ್ಲನೆ ಆ ನಲ್ಲಿಯನ್ನು ಬಿಟ್ಟು, ಇಳಿದು ಬಂದು, ಭಾವನ ಬೆನ್ನು ತಟ್ಟಿತು. "ಅದು ನಮ್ಮ ಕಂಪನಿಯ ಪದ್ಧತಿ ಸರ್," ಎಂದರು ಮ್ಯಾನೇಜರು ಫೋನಿಗೆ. "ನಾನೇ ಹೇಳಿಕೊಟ್ಟಿರೋದು."

"ಒಂದೇ ಒಂದು ಷರತ್ತು. ಜೋಡಿಸುವಾಗ ಆ ಮನುಷ್ಯ ಇಲ್ಲಿಗೆ ಬಂದು ನಿಂತಿರಬೇಕು. ಅವರೇ ಬೇಕು."

"ಬರ್ತಾರೆ ಸರ್! ಅವರು ಹೇಗೂ ಹೋಗುವವರೇ! ವಾಚು ಕೂಡ ತಗೊಂಡಿದಾರೆ!"

ಹೀಗೆ ಭಾವನ ಕೆಲಸ ಉಳಿಯಿತು, ಜೀವ ಹೋಯಿತು. ಬೀದಿಯವರಂತೂ ಬೀಗಿದ್ದೇ ಬೀಗಿದ್ದು. "ನಾವು ಹೇಳಿರಲಿಲ್ವಾ?" ಎಂದು ಓನರು ಇಡೀ ಬೀದಿಗೆ ಸಿಹಿ ಹಂಚಿದರು. ಹದಿನೈದೇ ದಿನಕ್ಕೆ ಹೋಗಿ ಬರುತ್ತಾರೆ, ಮನೆ ಬಿಡುವುದಿಲ್ಲ ಎಂದು ತಿಳಿದ ಮೇಲೆ ಕೊಟ್ಟ ಸಿಹಿಯನ್ನು ವಾಪಸು ಕೇಳಲಾರದೆ ಸಂಕಟಪಟ್ಟರು. ಟೈಲರು ಕೋಟನ್ನು ತಂದೇಬಿಟ್ಟ. ಹೆಡ್‌ಮಾಸ್ತರು ಮರೆತಿದ್ದ ಇನ್ನೊಂದು ವಿಮಾನದ ಕಥೆ ಹೇಳಲು ಮತ್ತೆ ಬಂದರು. ಅಕ್ಕ ಬಾಗಿಲಲ್ಲೇ ನಿಂತು ಅವರನ್ನು ಹಾಗೇ ವಾಪಸು ಕಳಿಸಿದಳು.

ಹೊರಡುವ ಹಿಂದಿನ ದಿನ ಭಾವ, ಅಕ್ಕ, ನಾನು ಮೂವರೂ ವಾಚಿನ ಅಂಗಡಿಗೆ ಹೋದೆವು. ಭಾವ ವಾಚು ಬಿಚ್ಚಿ ವೆಲ್ವೆಟ್ಟಿನ ಮೇಲಿಟ್ಟು ಕೈ ಜೋಡಿಸಿದರು.

"ಇದನ್ನ ವಾಪಸ್ ತಗೊಳ್ಳಿ. ಅವತ್ತು ನಾನು ಸುಳ್ಳು ಹೇಳಿದೆ. ನಾನು ಕೂತಿರುವವನು ಸ್ವಾಮಿ. ಹುಟ್ಟಿದಾಗಿಂದ ಕೂತಿರುವವನು. ಕೂತಿರುವವರ ವಾಚು ಕಟ್ಟಿದ್ರೆ ಇದೆಲ್ಲ ನಿಂತುಹೋಗುತ್ತೆ."

ಹೆದರಿದವರ ತರ್ಕಕ್ಕೆ ಎದುರಾಡಬಾರದು, ನನ್ನ ಕಸುಬು ಕಲಿಸಿದ ಪಾಠ ಅದು. ಅಂಗಡಿಯವನಿಗೆ ಆ ಪಾಠ ಆಗಿರಲಿಲ್ಲ. "ನಾಳೆ ಫ್ಲೈಟು ಅಂತಿದೀರಿ ಸರ್. ನಿಮ್ಮಂಥೋರಿಗೇ ಅಂತ ಮಾಡಿರೋ ವಾಚು ಇದು" ಎಂದ. "ಆದ್ರೆ ಕೆಂಪು ಮುಳ್ಳನ್ನ ನೀವು ಅವರ ಟೈಮಿಗೆ ಇಟ್ಕೊಂಡಿದೀರಿ. ಹೋಗುವವರು ಹಾಗಿಡಲ್ಲ."

"ಮತ್ತೆ ಯಾರ ಟೈಮಿಗೆ ಇಡ್ತಾರೆ?" ಎಂದು ಕೇಳಿದವಳು ಅಕ್ಕ.

"ಮನೆಯ ಟೈಮಿಗೆ ಮೇಡಂ. ಅಲ್ಲಿ ಇಳಿದ ಮೇಲೆ ಗಂಟೆ ಮುಳ್ಳನ್ನ ಹಾರಿಸ್ಕೊಂಡ್ರೆ ಸಾಕು. ಕೆಂಪು ಮುಳ್ಳು ಮನೇಲೇ ಇರುತ್ತೆ."

"ಹಾಗೇ ಇಡಿ" ಎಂದಳು ಅಕ್ಕ. ಅವನು ತಿರುಪು ಪೂರ್ತಿ ಎಳೆದು ಇಟ್ಟುಕೊಟ್ಟ. ಅಕ್ಕ ತಾನೇ ವಾಚು ತೆಗೆದುಕೊಂಡು ಭಾವನ ಕೈಗೆ ಕಟ್ಟಿದಳು. ಕೊಂಡಿ ಸಿಕ್ಕದೆ ಸ್ವಲ್ಪ ಹೊತ್ತು ತಡಕಾಡಿದಳು.

"ಅಲ್ಲಿ ಹೆದರಿಕೆ ಆದಾಗೆಲ್ಲ ಈ ಕೆಂಪು ಮುಳ್ಳು ನೋಡಿ" ಎಂದಳು. "ಆ ಹೊತ್ತಲ್ಲಿ ನಾನಿಲ್ಲಿ ಏನು ಮಾಡ್ತಿದೀನಿ ಅಂತ ಗೊತ್ತಾಗುತ್ತೆ."

"ಬೆಳಿಗ್ಗೆ ಆರಾಗಿದ್ರೆ?" ಎಂದು ಕೇಳಿದರು ಭಾವ, ಸಣ್ಣ ದನಿಯಲ್ಲಿ. "ಆರಕ್ಕೆ ನೀನು ಏನು ಮಾಡ್ತಿರ್ತೀಯ?"

"ಹೆದರ್ತಾ ಇರ್ತೀನಿ."

"ಮಧ್ಯಾಹ್ನ?"

"ಮಧ್ಯಾಹ್ನಾನೂ ಹೆದರ್ತಾ ಇರ್ತೀನಿ. ಸಂಜೆನೂ ಅಷ್ಟೆ. ನೀವು ತಿರುಗಿ ಬರೋ ತನಕ ನನಗೆ ಬೇರೆ ಕೆಲಸ ಇಲ್ಲ. ಅರ್ಥ ಆಯ್ತಾ?" ಅಕ್ಕನ ಬಾಯಿ ಎಂದಿನ ಹಾಗೇ ಜೋರಾಗಿತ್ತು. ಕಣ್ಣು ಮಾತ್ರ ತುಂಬಿತ್ತು.

ಭಾವ ಅವಳನ್ನೇ ನೋಡಿದರು. ಇಷ್ಟು ವರ್ಷ ಆ ಮನೆಯಲ್ಲಿ ಹೆದರುವವರು ತಾವೊಬ್ಬರೇ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ, ಹೆದರಿಕೆಯ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ ಎಂದು ಶುರುವಿನಲ್ಲೇ ಹೇಳಿಕೊಂಡವನು.

"ಅಳಬೇಡ್ವೇ," ಎಂದರು ಭಾವ. "ಹದಿನೈದೇ ದಿನ. ನಾನಿದೀನಲ್ಲ." ಈ ಮಾತನ್ನು ಅವರು ಯಾರಿಗೂ ಎಂದೂ ಹೇಳಿರಲಿಲ್ಲ, ಹೇಳಿದ ಮೇಲೆ ಹೇಳಿದ್ದು ಯಾರು ಎಂದು ತಾವೇ ಒಮ್ಮೆ ಹಿಂದೆ ತಿರುಗಿ ನೋಡಿದರು.

ಅಕ್ಕನ ಕಣ್ಣಿಂದ ಒಂದು ಹನಿ ನೇರ ವಾಚಿನ ಗಾಜಿನ ಮೇಲೆ ಬಿತ್ತು. ಭಾವನ ಬೆರಳು ತಾನಾಗಿಯೇ ತಿರುಪಿನ ಕಡೆ ಹೋಯಿತು. ಅಕ್ಕ ಆ ಕೈ ಮೇಲೆ ಪಟ್ಟನೆ ಒಂದು ಕೊಟ್ಟಳು.